ನಾಯಿ, ಬೆಕ್ಕಿನ ಜೊತೆಗೇ ಇರಬಹುದಾದ ನಿವೃತ್ತರ ಬಡಾವಣೆ: ಏನೇನು ಕೇಳಿ ತಿಳಿದುಕೊಳ್ಳಬೇಕು?

ಮೈಸೂರು ಅಂಕಲ್

ಎಲ್ಲರಿಗೂ ನಮಸ್ಕಾರ. ನಾವು ಗಂಡ ಹೆಂಡತಿ ಇಬ್ಬರೂ ಎಪ್ಪತ್ತರ ಹತ್ತಿರ ಬಂದಿದ್ದೇವೆ. ಮೇಲೆ ಕೆಳಗೆ ಎರಡು ಅಂತಸ್ತಿನ ಮನೆ ನೋಡಿಕೊಳ್ಳುವುದು ಕಷ್ಟ ಆಗುತ್ತಿದೆ. ಮಗ ಪುಣೆಯಲ್ಲಿ. ನಿವೃತ್ತರಿಗೆ ಅಂತಲೇ ಕಟ್ಟಿದ ಬಡಾವಣೆಗೆ ಹೋಗೋಣ ಎಂದು ಮನಸ್ಸು ಮಾಡಿದ್ದೇವೆ. ಬೆಂಗಳೂರು, ಮೈಸೂರು, ಕೊಯಮತ್ತೂರು, ಎಲ್ಲಾದರೂ ಸರಿ.

ತೊಡಕು ಏನೆಂದರೆ ನಮ್ಮ ಕರಿಯ. ಬೀದಿಯಿಂದ ತಂದು ಸಾಕಿದ ನಾಯಿ, ಒಂಬತ್ತು ವರ್ಷ, ಇಪ್ಪತ್ತು ಕಿಲೋ ಮೇಲೆ ಇದೆ. ಜೊತೆಗೆ ಒಂದು ಬೆಕ್ಕು. ಬ್ರೋಷರ್‌ನಲ್ಲಿ ಎಲ್ಲರೂ ಸಾಕುಪ್ರಾಣಿಗೆ ಸ್ವಾಗತ ಅಂತ ಹಾಕಿರುತ್ತಾರೆ. ಫೋನ್ ಮಾಡಿದರೆ ಒಬ್ಬರು ಚಿಕ್ಕ ನಾಯಿ ಆದರೆ ಪರವಾಗಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಯಾವ ತಳಿ ಎಂದು ಕೇಳಿ ಸುಮ್ಮನಾಗುತ್ತಾರೆ. ಇವೆರಡನ್ನು ಬಿಟ್ಟು ನಾವು ಹೋಗುವುದಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ, ಏನೇನು ನೋಡಬೇಕು?

ಶಿರಸಿಯವಳು

ಮನೆ ಬಿಡಲೇಬೇಕಾ ಸರ್? ಮೇಲಿನ ಅಂತಸ್ತು ಬಾಡಿಗೆಗೆ ಕೊಟ್ಟು ಕೆಳಗೆ ಇದ್ದುಬಿಡಿ. ನಾಯಿಗೂ ಅಂಗಳ ಇರುತ್ತದೆ.

ಕನಕಪುರ ರೋಡ್

ಶಿರಸಿ ಮೇಡಂ, ಅಡುಗೆಯವರು ಬರದ ದಿನ, ರಾತ್ರಿ ಎದೆನೋವು ಬಂದ ದಿನ, ಬಾಡಿಗೆದಾರರು ಏನು ಮಾಡುತ್ತಾರೆ? ಅವರು ತೀರ್ಮಾನ ಮಾಡಿ ಆಗಿದೆ, ಅದಕ್ಕೆ ಉತ್ತರ ಕೊಡೋಣ.

ಸರ್, ನಾವು ಲ್ಯಾಬ್ರಡಾರ್ ಕಟ್ಟಿಕೊಂಡು ಇಂಥದ್ದೇ ಜಾಗದಲ್ಲಿ ಇದ್ದೇವೆ. ನನ್ನ ಮೊದಲ ಸಲಹೆ: ಜಾಗ ನೋಡಲು ಹೋಗುವಾಗ ಕರಿಯನನ್ನು ಕರೆದುಕೊಂಡೇ ಹೋಗಿ. ಸೇಲ್ಸ್‌ನವರ ಮಾತು ಬಿಡಿ, ಗೇಟಿನಲ್ಲಿ ಸೆಕ್ಯುರಿಟಿ ಏನು ಹೇಳುತ್ತಾನೆ ನೋಡಿ. ಅವನು ವಾಕಿಟಾಕಿ ತೆಗೆದು ಯಾರನ್ನೋ ಕೇಳಲು ಶುರು ಮಾಡಿದರೆ ಅಲ್ಲಿ ನಾಯಿ ಬರುವುದು ಅಪರೂಪ ಎಂದೇ ಅರ್ಥ.

ಒಳಗೆ ಹೋದ ಮೇಲೆ ನೆಲ ನೋಡಿ. ಈಗ ಎಲ್ಲ ಕಡೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ವಯಸ್ಸಾದ ನಾಯಿಗೆ ಹಿಂದಿನ ಕಾಲು ನಿಲ್ಲುವುದಿಲ್ಲ. ನಮ್ಮವಳು ಕಾರಿಡಾರ್‌ನಲ್ಲಿ ಎದ್ದು ನಿಲ್ಲಲು ಹೋಗಿ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿ, ಹಾಗೇ ಹೊಟ್ಟೆ ಊರಿ ಕೂತುಬಿಡುತ್ತಿದ್ದಳು. ಮನೆಯೊಳಗೆ ರಬ್ಬರ್ ಮ್ಯಾಟ್ ಹಾಕಿದೆವು, ಆದರೆ ಕಾರಿಡಾರ್ ನಮ್ಮದಲ್ಲವಲ್ಲ. ಕೊನೆಗೆ ಕೆಳಮಹಡಿಯ ಮನೆಗೆ ಬದಲಾಯಿಸಿಕೊಂಡೆವು. ಆದ್ದರಿಂದ ನೆಲಮಟ್ಟದ ಮನೆ, ಬಾಗಿಲು ತೆಗೆದರೆ ಮಣ್ಣು ಅಥವಾ ಹುಲ್ಲು, ಇದು ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ತೆಗೆದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಮುದಿ ನಾಯಿಗೆ ಹೊರಗೆ ಹೋಗಬೇಕು ಅನ್ನಿಸಿದಾಗ ಲಿಫ್ಟ್‌ಗೆ ಕಾಯುವ ಸ್ಥಿತಿಯಲ್ಲಿ ಅದೂ ಇರುವುದಿಲ್ಲ, ನಾವೂ ಇರುವುದಿಲ್ಲ.

ಕೋರ್ಟ್ ರಸ್ತೆ

ವಕೀಲಳಾಗಿ ಹೇಳುತ್ತೇನೆ ಅಂಕಲ್. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಆ ಮನೆ ನಿಮ್ಮ ಹೆಸರಿಗೆ ಸೇಲ್ ಡೀಡ್ ಆಗುತ್ತದೋ, ಡೆಪಾಸಿಟ್ ಕೊಟ್ಟು ಲೀಸ್‌ಗೆ ಇರುವುದೋ, ಇಲ್ಲ ತಿಂಗಳ ಬಾಡಿಗೆಯೋ? ನಿಮ್ಮ ಹಕ್ಕು ನಿಂತಿರುವುದೇ ಇದರ ಮೇಲೆ.

ಕೊಂಡುಕೊಂಡ ಮನೆಯಾದರೆ ನೀವು ಗಟ್ಟಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಿವಾಸಿಗಳ ಸಂಘ ಬಹುಮತದಿಂದ ತನ್ನ ಬೈಲಾ (ನಿಯಮಾವಳಿ) ತಿದ್ದಿದರೂ ಸಾಕುಪ್ರಾಣಿಯನ್ನು ನಿಷೇಧಿಸುವ ಹಾಗಿಲ್ಲ. ನಾಯಿಯ ಗಾತ್ರ, ತಳಿ ನೋಡಿ ಬೇಡ ಎನ್ನುವ ಹಾಗಿಲ್ಲ. ಬೊಗಳುತ್ತದೆ ಎನ್ನುವುದು ಹೊರಹಾಕಲು ಕಾರಣ ಆಗುವುದಿಲ್ಲ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಇಂಥ ನಿಷೇಧದ ಬೈಲಾಗಳು ನಿಲ್ಲುವುದಿಲ್ಲ ಎಂದಿದೆ. ತಳಿ ಕೇಳಿ ಸುಮ್ಮನಾದವರಿಗೆ ಇನ್ನೊಂದು ಹೇಳಿ: ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ಅಪಾಯಕಾರಿ ಎಂದು ಹೊರಡಿಸಿದ ಸುತ್ತೋಲೆಯನ್ನು ಮುಂದಿನ ತಿಂಗಳೇ ನಮ್ಮ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು.

ಆದರೆ ಲೀಸ್ ಅಥವಾ ಬಾಡಿಗೆ ಆದರೆ ಕತೆ ಬೇರೆ. ಅಲ್ಲಿ ನೀವು ಸಹಿ ಹಾಕಿದ ಅಗ್ರಿಮೆಂಟೇ ಮಾತಾಡುತ್ತದೆ. ಮ್ಯಾನೇಜರ್ ಕಾಫಿ ಕೊಟ್ಟು ಹೇಳಿದ ಮಾತಿಗೆ ಬೆಲೆ ಇಲ್ಲ. "ಈ ಮನೆಯಲ್ಲಿ ಇಂಥ ನಾಯಿ, ಇಂಥ ಬೆಕ್ಕು ಇರುತ್ತದೆ" ಎಂದು ಹೆಸರು, ವಯಸ್ಸು, ಫೋಟೋ ಸಮೇತ ಅಗ್ರಿಮೆಂಟ್‌ಗೆ ಸೇರಿಸಿ. ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಧಾರವಾಡ ಮಾಳಮಡ್ಡಿ

ಮೇಡಂ, ಮಾರ್ಗಸೂಚಿ ಕಾನೂನಲ್ಲ. ವಾದಕ್ಕೆ ಚಂದ. ಎಪ್ಪತ್ತು ವರ್ಷದವರು ಕೋರ್ಟ್ ಮೆಟ್ಟಿಲು ಹತ್ತಬೇಕಾ?

ಕೋರ್ಟ್ ರಸ್ತೆ

ಹತ್ತಬಾರದು ಅಂತಲೇ ಮೊದಲೇ ಬರೆಸಿಕೊಳ್ಳಿ ಎನ್ನುತ್ತಿರುವುದು ರೀ. ಮಾರ್ಗಸೂಚಿ ತೋರಿಸಿದರೆ ಎಷ್ಟೋ ಸಂಘಗಳು ಅಲ್ಲಿಗೇ ಸುಮ್ಮನಾಗಿದ್ದನ್ನು ನೋಡಿದ್ದೇನೆ.

ಇನ್ನೊಂದು ಬಿಟ್ಟುಹೋಯಿತು. ನಿವೃತ್ತರ ಮನೆಗಳಲ್ಲಿ ಕಟ್ಟಿದ ಬಿಲ್ಡರ್ ಒಬ್ಬ, ಊಟ, ನರ್ಸ್, ಸ್ವಚ್ಛತೆ ನೋಡಿಕೊಳ್ಳುವ ಕಂಪನಿ ಇನ್ನೊಂದು. ಕಂಪನಿ ಬದಲಾದರೆ ನಿಯಮವೂ ಬದಲಾಗುತ್ತದೆ. ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ಕೊಟ್ಟ ಮಾದರಿ ಮಾರ್ಗಸೂಚಿಯಲ್ಲಿ ಬಿಲ್ಡರ್, ಸೇವೆ ಕೊಡುವವರು, ಮನೆ ಕೊಂಡವರು ಮೂವರ ನಡುವೆ ಒಪ್ಪಂದ ಇರಬೇಕು ಎಂದಿದೆ. ಅದನ್ನು ಕೇಳಿ. ಕರಿಯನ ಹೆಸರು ಆ ಮೂವರ ಕಾಗದದಲ್ಲಿ ಇರಲಿ.

ಮಲ್ಲೇಶ್ವರಂ ಮಗಳು

ಇಲ್ಲಿಯವರೆಗೆ ಎಲ್ಲರೂ ಸೇರುವ ದಿನದ ಬಗ್ಗೆ ಹೇಳಿದ್ದೀರಿ. ನನಗೆ ಗೊತ್ತಿರುವುದು ಆಮೇಲಿನದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಅಮ್ಮ ಊರಾಚೆಯ ಒಂದು ಸೀನಿಯರ್ ಲಿವಿಂಗ್‌ನಲ್ಲಿ ತಮ್ಮ ನಾಯಿ ರಾಣಿಯ ಜೊತೆ ಚೆನ್ನಾಗಿಯೇ ಇದ್ದರು. ಸ್ವತಂತ್ರವಾಗಿ ಇರುವವರ ಬ್ಲಾಕ್‌ನಲ್ಲಿ ನಾಯಿಗೆ ಯಾವ ತಕರಾರೂ ಇರಲಿಲ್ಲ. ಒಂದು ದಿನ ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಆಪರೇಷನ್ ಆಯಿತು. ವಾಪಸ್ ಬಂದಾಗ ಒಬ್ಬರೇ ಇರುವ ಹಾಗಿಲ್ಲ, ದಿನದ ಕೆಲಸಕ್ಕೆ ಸಹಾಯಕರು ಇರುವ ಅಸಿಸ್ಟೆಡ್ ಲಿವಿಂಗ್ ಬ್ಲಾಕ್‌ಗೆ ಹೋಗಬೇಕು ಎಂದರು. ಅದು ಸರಿಯೇ. ಆದರೆ ಆ ಬ್ಲಾಕ್‌ಗೆ ನಾಯಿ ಬರುವಂತಿಲ್ಲವಂತೆ! ಸೇರುವಾಗ ಯಾರೂ ಹೇಳಿರಲಿಲ್ಲ. ನಿಯಮ ಪುಸ್ತಕದಲ್ಲಿ ಎಲ್ಲೋ ಒಂದು ಸಾಲು ಇತ್ತು. ಒಂದು ವಾರದಲ್ಲಿ ನಾಯಿಗೆ ಬೇರೆ ವ್ಯವಸ್ಥೆ ಮಾಡಿ ಎಂದರು.

ರಾಣಿಯನ್ನು ನಾನು ಮನೆಗೆ ಕರೆತಂದೆ. ಅಮ್ಮನಿಗೆ ಫಿಸಿಯೋಥೆರಪಿ ಮಾಡಿಸಲು ಬಂದ ಹುಡುಗಿ ಎಬ್ಬಿಸಿದರೆ, "ಎದ್ದು ಎಲ್ಲಿಗೆ ಹೋಗಲಿ?" ಎಂದು ಕೇಳುತ್ತಿದ್ದರು. ಜಗಳ ಆಡಿ ಪ್ರಯೋಜನ ಇಲ್ಲ ಎಂದು ಬೇರೆ ಜಾಗ ಹುಡುಕಿದೆವು. ಅಲ್ಲಿ ಅಸಿಸ್ಟೆಡ್ ಬ್ಲಾಕ್‌ನ ರೂಮುಗಳ ಬಾಗಿಲು ತೋಟಕ್ಕೆ ತೆರೆಯುತ್ತದೆ. ನಾಯಿ ರಾತ್ರಿ ಉಳಿಯುವ ಹಾಗಿಲ್ಲ, ಆದರೆ ಸಂಜೆ ತಂದು ತೋರಿಸಬಹುದು. ಅಮ್ಮ ಮಧ್ಯಾಹ್ನದ ಊಟದ ಚಪಾತಿಯಲ್ಲಿ ಅರ್ಧ ಮುರಿದು ಟಿಶ್ಯೂ ಪೇಪರಿನಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟುಕೊಂಡಿರುತ್ತಾರೆ. ವಾಕರ್ ಹಿಡಿದು ಬಾಗಿಲವರೆಗೆ ತಾವೇ ಬರುತ್ತಾರೆ.

ಆದ್ದರಿಂದ ಅಂಕಲ್, ಈ ಪ್ರಶ್ನೆಗಳನ್ನು ಮೊದಲ ದಿನವೇ ಕೇಳಿ. ನಾನು ಆಸ್ಪತ್ರೆಗೆ ಸೇರಿದರೆ ನಾಯಿಗೆ ಊಟ ಹಾಕುವವರು ಯಾರು? ನಾನು ಬೇರೆ ಬ್ಲಾಕ್‌ಗೆ ಹೋಗಬೇಕಾದರೆ ನಾಯಿ ಬರಬಹುದೇ, ಕನಿಷ್ಠ ನೋಡಲು ಬಿಡುತ್ತೀರಾ? ನಮ್ಮಿಬ್ಬರಲ್ಲಿ ಒಬ್ಬರು ಹೋದರೆ ಉಳಿದವರ ಜೊತೆ ಇರಬಹುದೇ? ಈ ನಾಯಿ ಸತ್ತರೆ ಇನ್ನೊಂದು ತರಬಹುದೇ? ಕೊನೆಯದನ್ನು ತುಂಬಾ ಜನ ಕೇಳುವುದಿಲ್ಲ. ಎಷ್ಟೋ ಕಡೆ "ಸೇರುವಾಗ ಇದ್ದ ಪ್ರಾಣಿಗೆ ಮಾತ್ರ" ಎಂದು ಬರೆದಿರುತ್ತಾರೆ.

ಮೈಸೂರು ಅಂಕಲ್

ಅಮ್ಮಾ, ಓದಿ ಸಂಕಟ ಆಯಿತು. ಇದು ನಮಗೆ ಹೊಳೆದೇ ಇರಲಿಲ್ಲ. ಪ್ರಶ್ನೆಗಳನ್ನು ಹಾಗೇ ಬರೆದುಕೊಂಡಿದ್ದೇನೆ.

ಹಿರಿಯ ನಾಗರಿಕ

ಸ್ವಲ್ಪ ನಮ್ಮ ಕಡೆಯ ಮಾತನ್ನೂ ಕೇಳಿ. ನನಗೆ ನಾಯಿ ಎಂದರೆ ಭಯ. ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡು ಹೊಕ್ಕುಳ ಸುತ್ತ ಇಂಜೆಕ್ಷನ್ ಹಾಕಿಸಿಕೊಂಡ ಕಾಲದವನು ನಾನು. ನನ್ನ ತಂಗಿ ವಾಕಿಂಗ್ ಹೋದಾಗ ಯಾರದೋ ನಾಯಿಯ ಬೆಲ್ಟ್ ಕಾಲಿಗೆ ಸುತ್ತಿಕೊಂಡು ಬಿದ್ದಳು. ಮಣಿಕಟ್ಟು ಮುರಿಯಿತು. ವಯಸ್ಸಾದವರೇ ತುಂಬಿರುವ ಜಾಗದಲ್ಲಿ ನಾಯಿ ಯಾಕೆ ಎಂದು ಕೇಳುವುದು ತಪ್ಪಾ? ನಾವೂ ಅಷ್ಟೇ ದುಡ್ಡು ಕೊಟ್ಟು ಬಂದಿರುತ್ತೇವೆ ಅಲ್ವಾ?

ಕನಕಪುರ ರೋಡ್

ಖಂಡಿತ ತಪ್ಪಲ್ಲ ಸರ್. ನಾಯಿ ಸಾಕಿದವರು ಮೊದಲು ಕೇಳಿಸಿಕೊಳ್ಳಬೇಕಾದ ಮಾತೇ ಇದು.

ನಮ್ಮಲ್ಲಿ ನಾಯಿಗಳಿಗೆ ಬೇರೆ ಸಮಯ, ಬೇರೆ ದಾರಿ ಇದೆ. ಬೆಳಗ್ಗೆ ಏಳರಿಂದ ಎಂಟೂವರೆ ಮುಖ್ಯ ವಾಕಿಂಗ್ ಪಾತ್‌ನಲ್ಲಿ ನಾಯಿ ಇಲ್ಲ. ಹಿಂದಿನ ಕಾಂಪೌಂಡ್ ಪಕ್ಕದ ದಾರಿ ನಾಯಿಗಳದ್ದು. ಉದ್ದಕ್ಕೆ ಎಳೆದಷ್ಟೂ ಬಿಚ್ಚಿಕೊಳ್ಳುವ ಬೆಲ್ಟ್ ಪೂರ್ತಿ ನಿಷೇಧ, ಗಿಡ್ಡ ಬೆಲ್ಟ್ ಮಾತ್ರ. ಊಟದ ಹಾಲ್, ಕ್ಲಿನಿಕ್, ದೇವಸ್ಥಾನದ ಒಳಗೆ ಇಲ್ಲ. ಗಲೀಜು ತೆಗೆಯುವುದು ಸಾಕಿದವರ ಕೆಲಸ, ಆಗದವರಿಗೆ ಹುಡುಗ ಇದ್ದಾನೆ, ಅವನಿಗೆ ತಿಂಗಳಿಗೆ ಕೊಡಬೇಕು. ಭಯ ಇರುವವರು ಲಿಫ್ಟ್‌ನಲ್ಲಿ ಇದ್ದರೆ ನಾವು ಮುಂದಿನ ಲಿಫ್ಟ್‌ಗೆ ಕಾಯುತ್ತೇವೆ.

ಅಂಕಲ್, ನಾನು ಕಂಡ ಮಟ್ಟಿಗೆ "ನಮ್ಮಲ್ಲಿ ಏನೂ ನಿಯಮ ಇಲ್ಲ, ಆರಾಮಾಗಿ ಬನ್ನಿ" ಎನ್ನುವ ಜಾಗಕ್ಕಿಂತ ಹೀಗೆ ಎರಡು ಪುಟ ನಿಯಮ ಇರುವ ಜಾಗವೇ ಮೇಲು. ನಿಯಮ ಇಲ್ಲದ ಕಡೆ ಮೊದಲ ಜಗಳಕ್ಕೇ ನಾಯಿ ಬೇಡ ಎನ್ನುವ ಮಾತು ಬರುತ್ತದೆ.

ಹಿರಿಯ ನಾಗರಿಕ

ಇಷ್ಟು ಕಟ್ಟುನಿಟ್ಟಾಗಿ ನಡೆಸುತ್ತಾರೆ ಅಂದರೆ ನನ್ನ ತಕರಾರು ಇಲ್ಲ. ಆದರೆ ಎಷ್ಟು ಕಡೆ ನಡೆಸುತ್ತಾರೆ?

ಗೋಶಾಲೆ ಕ್ರಾಸ್

ಕಡಿಮೆ ಕಡೆ. ಅದಕ್ಕೇ ಬೆಳಗ್ಗೆ ಆರೂವರೆಗೆ ಹೇಳದೆ ಹೋಗಿ ನೋಡಬೇಕು. ಸೇಲ್ಸ್‌ನವರು ಕರೆಯುವುದು ಹನ್ನೊಂದು ಗಂಟೆಗೆ, ಆಗ ಎಲ್ಲ ನಾಯಿಗಳೂ ಮಲಗಿರುತ್ತವೆ.

ಪಶುವೈದ್ಯೆ ಹೆಬ್ಬಾಳ

ನನ್ನ ಕೆಲಸಕ್ಕೆ ಸಂಬಂಧಪಟ್ಟಷ್ಟು ಹೇಳುತ್ತೇನೆ.

ರೇಬಿಸ್ ಲಸಿಕೆ ವರ್ಷಕ್ಕೊಮ್ಮೆ, ಕಾರ್ಡ್ ಕೈಯಲ್ಲೇ ಇರಲಿ. ಒಳ್ಳೆಯ ಜಾಗದವರು ಅದನ್ನು ಕೇಳಿಯೇ ಕೇಳುತ್ತಾರೆ. ಇಲಿಜ್ವರದ ಲಸಿಕೆಯೂ ಮುಖ್ಯ. ಮೂತ್ರದ ಮೂಲಕ ಮನುಷ್ಯರಿಗೂ ಬರುವ ರೋಗ ಅದು, ಊರ ಹೊರಗಿನ ತೋಟದ ನಡುವಿನ ಬಡಾವಣೆಗಳಲ್ಲಿ ಇಲಿ ಹೆಗ್ಗಣ ಜಾಸ್ತಿ. ಉಣ್ಣಿಗೆ ಔಷಧಿ ತಪ್ಪಿಸಬೇಡಿ. ಹೊಲದ ಪಕ್ಕದ ಜಾಗ ಆದರೆ ಹಾವು ಕೂಡ. ರಾತ್ರಿ ನಾಯಿಯನ್ನು ಪೊದೆ ಕಡೆ ಬಿಡಬೇಡಿ.

ಹತ್ತಿರದ ಪಶುವೈದ್ಯರು ಎಷ್ಟು ದೂರ, ರಾತ್ರಿ ಬಾಗಿಲು ತೆಗೆಯುತ್ತಾರಾ ಎಂದು ನೀವೇ ಫೋನ್ ಮಾಡಿ ಕೇಳಿ. ಮನುಷ್ಯರ ಆಂಬುಲೆನ್ಸ್ ಇದೆ ಎಂದು ಎಲ್ಲರೂ ಹೇಳುತ್ತಾರೆ, ನಾಯಿಯನ್ನು ರಾತ್ರಿ ಯಾರು ಕಾರಿನಲ್ಲಿ ಕರೆದೊಯ್ಯುತ್ತಾರೆ?

ಮನೆಯೊಳಗೆ ಹಾಸಿಗೆಯಿಂದ ಬಾತ್‌ರೂಮ್ ತನಕ ಸಣ್ಣ ದೀಪ ಹಾಕಿಸಿ. ಕತ್ತಲಲ್ಲಿ ದಾರಿಯಲ್ಲಿ ಮಲಗಿದ ಕಪ್ಪು ನಾಯಿಯನ್ನು ಎಡವಿ ಬೀಳುವುದು ತೀರಾ ಸಾಮಾನ್ಯ. ಬೆಕ್ಕಿನ ಕೊರಳಿಗೆ ಗೆಜ್ಜೆ ಕಟ್ಟಿ. ಬೆಕ್ಕಿನ ಮರಳಿನ ಟ್ರೇ ದಿನಾ ಶುಚಿ ಆಗಬೇಕು. ಬಗ್ಗಲು ಆಗದಿದ್ದರೆ ಎತ್ತರದ ಸ್ಟೂಲಿನ ಮೇಲೆ ಇಡಿ, ಬೆಕ್ಕು ಹತ್ತಿಕೊಳ್ಳುತ್ತದೆ.

ಬಸವನಗುಡಿ ಅಜ್ಜಿ

ನನ್ನದೊಂದು ಪ್ರಶ್ನೆ ಡಾಕ್ಟರಮ್ಮ. ನಾವು ನೋಡಿದ ಜಾಗ ಶುದ್ಧ ಸಸ್ಯಾಹಾರಿ ಕ್ಯಾಂಪಸ್. ಮನೆಯೊಳಗೂ ಮೊಟ್ಟೆ ಬೇಯಿಸುವ ಹಾಗಿಲ್ಲ. ನಮ್ಮ ಬೆಕ್ಕಿಗೆ ಮೀನು ಇಲ್ಲದೆ ನಡೆಯುತ್ತಾ?

ಪಶುವೈದ್ಯೆ ಹೆಬ್ಬಾಳ

ನಾಯಿಗೆ ಹೇಗೋ ನಡೆಯುತ್ತದೆ. ಬೆಕ್ಕಿಗೆ ನಡೆಯುವುದಿಲ್ಲ ಅಜ್ಜಿ. ಅದು ಮಾಂಸಾಹಾರಿ ಪ್ರಾಣಿ. ಮಾಂಸದಲ್ಲಿ ಸಿಗುವ ಟಾರಿನ್ ಅಂಶ ಇಲ್ಲದಿದ್ದರೆ ಕಣ್ಣು, ಹೃದಯ ಕೆಡುತ್ತದೆ. ಹಾಲು ಅನ್ನ ಸಾಲದು. ಪ್ಯಾಕೆಟ್ ಆಹಾರ ತರಬಹುದೇ ಎಂದು ಕೇಳಿ, ಅದಕ್ಕೂ ಬೇಡ ಎಂದರೆ ಅಲ್ಲಿಗೆ ಬೆಕ್ಕು ಕರೆದೊಯ್ಯಬೇಡಿ.

ಧಾರವಾಡ ಮಾಳಮಡ್ಡಿ

ಸಸ್ಯಾಹಾರಿ ಕ್ಯಾಂಪಸ್‌ನವರ ನಂಬಿಕೆಗೂ ಬೆಲೆ ಕೊಡಬೇಕಲ್ಲ. ಬೆಕ್ಕಿಗಾಗಿ ಎಲ್ಲರೂ ನಿಯಮ ಬದಲಿಸಬೇಕಾ?

ಬಸವನಗುಡಿ ಅಜ್ಜಿ

ಬದಲಿಸಿ ಎಂದು ನಾನು ಹೇಳಲಿಲ್ಲಪ್ಪ. ನಾನೂ ಸಸ್ಯಾಹಾರಿಯೇ. ಡಾಕ್ಟರಮ್ಮ ಹೇಳಿದ ಮೇಲೆ ಸ್ಪಷ್ಟ ಆಯಿತು, ಆ ಜಾಗ ನಮಗಲ್ಲ. ಬೇರೆ ನೋಡುತ್ತೇವೆ.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿಯದೂ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೆರವು ಪಡೆದ ವೃದ್ಧರ ವಸತಿಗಳಲ್ಲಿ ಸಾಮಾನ್ಯ ಸಾಕುಪ್ರಾಣಿಯನ್ನು ಬೇಡ ಎನ್ನುವ ಹಾಗಿಲ್ಲ, 1983ರ ಕಾನೂನು. ಖಾಸಗಿ ಜಾಗಗಳು ಮಾತ್ರ ತಮ್ಮದೇ ನಿಯಮ ಇಟ್ಟುಕೊಂಡಿವೆ: ಇಷ್ಟು ಪೌಂಡ್ ತೂಕದ ಒಳಗೆ, ಎರಡಕ್ಕಿಂತ ಹೆಚ್ಚಿಲ್ಲ, ಡೆಪಾಸಿಟ್ ಬೇರೆ, ತಿಂಗಳ ಶುಲ್ಕ ಬೇರೆ. ಇಲ್ಲಿ ಸೇರುವಾಗಲೇ ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ: ನಿಮಗೆ ಆಗದಿದ್ದರೆ ನಾಯಿಯನ್ನು ಯಾರು ಕರೆದೊಯ್ಯುತ್ತಾರೆ, ಅವರ ಫೋನ್ ನಂಬರ್, ಅವರ ಸಹಿ. ಮಲ್ಲೇಶ್ವರಂ ಮೇಡಂ ಹೇಳಿದ ಸಂಕಟಕ್ಕೆ ಇದು ಒಳ್ಳೆಯ ದಾರಿ. ನಮ್ಮೂರಲ್ಲೂ ನಾವೇ ಬರೆದು ಕೊಡಬಹುದಲ್ಲ?

ಕೋರ್ಟ್ ರಸ್ತೆ

ಕೊಡಬಹುದು, ಕೊಡಲೇಬೇಕು. ವಿಲ್ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಕಾನೂನಿನಲ್ಲಿ ನಾಯಿ ಎಂದರೆ ಆಸ್ತಿ, ಅದರ ಹೆಸರಿಗೆ ದುಡ್ಡು ಬರೆಯಲು ಬರುವುದಿಲ್ಲ. ಅದನ್ನು ನೋಡಿಕೊಳ್ಳುವವರ ಹೆಸರಿಗೆ ಬರೆಯಿರಿ, ಅವರನ್ನು ಮೊದಲೇ ಕೇಳಿ ಒಪ್ಪಿಸಿ. ಹಾಗೆ ಯಾರೂ ಒಪ್ಪಿಕೊಂಡಿಲ್ಲದಿದ್ದರೆ ಮನೆಯವರು ಬಂದು ಸಾಮಾನು ಒಯ್ದು ನಾಯಿಯನ್ನು ಗೇಟಿನಾಚೆ ಬಿಟ್ಟುಹೋಗುತ್ತಾರೆ. ಹಾಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ, ಆದರೆ ಮೊದಲ ಸಲ ಸಿಕ್ಕಿಬಿದ್ದರೆ ದಂಡ ಇವತ್ತಿಗೂ 10ರಿಂದ 50 ರೂಪಾಯಿ. ಯಾರು ಹೆದರುತ್ತಾರೆ ಹೇಳಿ.

ಗೋಶಾಲೆ ಕ್ರಾಸ್

50 ರೂಪಾಯಿ! ಹೊಟ್ಟೆ ಉರಿಯುತ್ತದೆ. ನಾವು ಸ್ವಯಂಸೇವಕರು, ಇಂಥ ಮುದಿ ನಾಯಿಗಳನ್ನು ಎತ್ತಿಕೊಂಡು ಬರುತ್ತೇವೆ. ಶೆಲ್ಟರ್‌ಗಳೆಲ್ಲ ತುಂಬಿವೆ. ಮರಿಯನ್ನು ದತ್ತು ತೆಗೆದುಕೊಳ್ಳಲು ಜನ ಬರುತ್ತಾರೆ, ಹತ್ತು ವರ್ಷದ ನಾಯಿಯನ್ನು ಯಾರೂ ಕೇಳುವುದಿಲ್ಲ. ಎರಡು ದಿನ ಅನ್ನ ಮುಟ್ಟದೆ ಗೇಟ್ ಕಡೆಗೇ ಮುಖ ಮಾಡಿ ಮಲಗಿರುತ್ತವೆ. ದಯವಿಟ್ಟು ಆ ಫಾರಂ ಬರೆದಿಡಿ.

ತುಮಕೂರು ಮೇಷ್ಟ್ರು

ನಮ್ಮ ಮನೆಯಲ್ಲಿ ಗಿಳಿ ಇದೆ. ತುಂಬಾ ವರ್ಷದ್ದು, "ರಾಮ ರಾಮ" ಎನ್ನುತ್ತದೆ. ಗಿಳಿಗೆ ಇಂಥ ಕಡೆ ತಕರಾರು ಇರಲ್ಲ ಅಲ್ವಾ? ನಾಯಿಯ ಹಾಗೆ ಓಡಾಡಿಸುವ ಕೆಲಸ ಇಲ್ಲ.

ಗೋಶಾಲೆ ಕ್ರಾಸ್

ಮೇಷ್ಟ್ರೇ, ಹಸಿರು ಗಿಳಿ, ಕೊರಳಿಗೆ ಕೆಂಪು ಪಟ್ಟಿ ಇರುವುದಾ? ಅದನ್ನು ಸಾಕುವುದೇ ಕಾನೂನುಬಾಹಿರ. 1972ರ ವನ್ಯಜೀವಿ ಕಾಯ್ದೆ. ನಕ್ಷತ್ರ ಆಮೆಯೂ ಅಷ್ಟೇ. ಪೇಟೆಯಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಬಡ್ಜಿಗಳು ಹೊರದೇಶದ ಹಕ್ಕಿ, ಅವಕ್ಕೆ ತೊಂದರೆ ಇಲ್ಲ. ಸುಮ್ನೆ ಹಾರಲು ಬಿಡಬೇಡಿ, ಪಂಜರದಲ್ಲಿ ಬೆಳೆದದ್ದು ಹೊರಗೆ ಬದುಕುವುದಿಲ್ಲ. ಅರಣ್ಯ ಇಲಾಖೆಯವರನ್ನು ಕೇಳಿ.

ತುಮಕೂರು ಮೇಷ್ಟ್ರು

ನಮ್ಮ ತಂದೆಯ ಕಾಲದಿಂದ ಎಲ್ಲರ ಮನೆಯಲ್ಲೂ ಗಿಳಿ ಇತ್ತು, ಯಾರೂ ಹೇಳಿರಲಿಲ್ಲ. ಇಲಾಖೆಗೆ ಹೋಗಿ ಮಾತಾಡುತ್ತೇನೆ.

ಹೊಸೂರು ಗಡಿ

ನಮ್ಮಲ್ಲಿ ಜಗಳ ಸಾಕಿದ ನಾಯಿಯದ್ದಲ್ಲ, ಕ್ಯಾಂಪಸ್ ಒಳಗಿನ ಬೀದಿನಾಯಿಗಳದ್ದು. ಇಬ್ಬರು ಅಜ್ಜಿಯರು ಬಾಗಿಲಲ್ಲೇ ಅನ್ನ ಹಾಕುತ್ತಾರೆ. ಸುಪ್ರೀಂ ಕೋರ್ಟ್ ಎಲ್ಲ ಬೀದಿನಾಯಿ ಹಿಡಿಯಿರಿ ಎಂದಿದೆ, ಯಾಕೆ ಸುಮ್ಮನಿದ್ದೀರಿ ಎಂದು ಇನ್ನು ಕೆಲವರು.

ಕೋರ್ಟ್ ರಸ್ತೆ

ಪೂರ್ತಿ ಹಾಗಲ್ಲ. 2025ರ ಆಗಸ್ಟ್ 11ರ ಆದೇಶ ದೆಹಲಿ ಸುತ್ತಮುತ್ತಲಿನದು, ಅದನ್ನೂ 22ರಂದು ಬದಲಿಸಿದರು: ಸಂತಾನಹರಣ, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ಇರುವವು, ಮೇಲೆ ಬೀಳುವವು ಬಿಟ್ಟು. ಊಟ ಹಾಕಲು ಗೊತ್ತುಮಾಡಿದ ಜಾಗ ಇರಬೇಕು ಎಂದೂ ಹೇಳಿದ್ದಾರೆ. ಆ ಅಜ್ಜಿಯರಿಗೆ ಬಾಗಿಲ ಬದಲು ಹಿಂದುಗಡೆ ಒಂದು ಜಾಗ ತೋರಿಸಿ, ಅರ್ಧ ಜಗಳ ಮುಗಿಯುತ್ತದೆ. ಅಂಕಲ್, ನಿಮಗೂ ಇದು ಬೇಕಾದ ವಿಷಯ. ಒಳಗೆ ಬೀದಿನಾಯಿಗಳ ಗುಂಪು ಇದ್ದರೆ ಹೊಸ ನಾಯಿಯ ಮೇಲೆ ಬೀಳುತ್ತವೆ, ಬಿಡಿಸಲು ಹೋಗಿ ಬೀಳುವವರು ನೀವು.

ಮೈಸೂರು ಅಂಕಲ್

ಎಲ್ಲರಿಗೂ ಧನ್ಯವಾದ. ಕೊಯಮತ್ತೂರು ಕಡೆಯ ಒಂದು ಜಾಗದವರು ಗೆಸ್ಟ್ ರೂಮಿನಲ್ಲಿ ಕೆಲವು ದಿನ ಇದ್ದು ನೋಡಿ, ನಾಯಿಯನ್ನೂ ತನ್ನಿ ಎಂದಿದ್ದಾರೆ. ಅಗ್ರಿಮೆಂಟ್ ನಕಲು ಕಳಿಸಿ ಎಂದು ಮೊದಲೇ ಕೇಳಿದ್ದೇನೆ. ನಾಯಿಯನ್ನು ಅಷ್ಟು ದೂರ ಕರೆದೊಯ್ಯುವುದು ಹೇಗೆ? ರೈಲಾ, ಕಾರಾ?

ಪಶುವೈದ್ಯೆ ಹೆಬ್ಬಾಳ

ರೈಲಿನಲ್ಲಿ ಜೊತೆಗೇ ಬೇಕೆಂದರೆ ಫಸ್ಟ್ ಎಸಿಯಲ್ಲಿ ಪೂರ್ತಿ ಕೂಪೆ (ಇಬ್ಬರು ಮಲಗುವ ಪ್ರತ್ಯೇಕ ಕೋಣೆ) ಬುಕ್ ಮಾಡಬೇಕು, ಇಲ್ಲದಿದ್ದರೆ ಗಾರ್ಡ್ ಬೋಗಿಯ ಡಬ್ಬದಲ್ಲಿ. ಆ ಡಬ್ಬ ಒಂಬತ್ತು ವರ್ಷದ ನಾಯಿಗೆ ಬೇಡ. ಕಾರೇ ಮೇಲು. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ.

ಕನಕಪುರ ರೋಡ್

ಊಟಿ ಮೇಲೆ ಹೋಗುವುದಾದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಅದನ್ನು ನೋಡಿಕೊಂಡು ಹೊರಡಿ. ಗುಂಡ್ಲುಪೇಟೆಯಲ್ಲಿ ಇಳಿಸಿ ನೀರು ಕುಡಿಸಿ, ಕಾಡು ದಾಟುವವರೆಗೆ ಎಲ್ಲೂ ಇಳಿಸಬೇಡಿ. ಘಾಟಿ ತಿರುವಿನಲ್ಲಿ ಕೆಲವು ನಾಯಿ ವಾಂತಿ ಮಾಡಿಕೊಳ್ಳುತ್ತವೆ, ಹಿಂದಿನ ಸೀಟಿಗೆ ಹಳೆ ಬೆಡ್‌ಶೀಟ್ ಹಾಸಿ. ಅಲ್ಲಿಗೆ ತಲುಪಿದ ಮೇಲೆ ಆ ಅಗ್ರಿಮೆಂಟ್‌ನಲ್ಲಿ ನಾಯಿ ಬೆಕ್ಕಿನ ಬಗ್ಗೆ ಏನು ಬರೆದಿದ್ದಾರೆ ಇಲ್ಲಿ ಹಾಕಿ ಸರ್, ಮೇಡಂ ನೋಡಿ ಹೇಳುತ್ತಾರೆ.

ಕೋರ್ಟ್ ರಸ್ತೆ

ತಲುಪಿದ ಮೇಲಲ್ಲ, ಹೊರಡುವ ಮುಂಚೆಯೇ ಕಳಿಸಿ.